ಮರ್ಯಾದಸ್ತರ ಮನೆ

ಕೆಂಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪಟ ತೂಗುಹಾಕಲು ಒಂದೇ ಒಂದು ಮೊಳೆ ಇತ್ತು. ನಾನು ಹುಟ್ಟಿದಾಗ ಅದರಲ್ಲಿ ಮಹಾರಾಜರಿದ್ದರಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮಹಾರಾಜರು ಇಳಿದು ಅಟ್ಟ ಸೇರಿದ್ದರು, ಅದೇ ಮೊಳೆಗೆ ಬಿಳಿ ಟೋಪಿಯ ಪ್ರಧಾನಿ ಬಂದಿದ್ದರು. ಹೆಸರು ಬರೆಯಬೇಕಾಗಿಲ್ಲ, ಆಗ ಪ್ರಧಾನಿ ಎಂದರೆ ಒಬ್ಬರೇ. ಅಪ್ಪ ಅವರನ್ನು ‘ದೊಡ್ಡೋರು’ ಎನ್ನುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ ಬಂದವನು ದೇವರಿಗೆ ಹೂವಿಟ್ಟು, ಉಳಿದ ಒಂದು ಹೂವನ್ನು ಪಟದ ಚೌಕಟ್ಟಿಗೆ ಸಿಗಿಸಿ, ಖಾದಿ ಟೋಪಿ ಇಟ್ಟುಕೊಂಡು ಹೊರಡುತ್ತಿದ್ದ. ಬಂದವರಿಗೆಲ್ಲ ಪಟ ತೋರಿಸಿ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿತ್ತು.

“ಎಷ್ಟು ವರ್ಷ ಜೈಲಲ್ಲಿದ್ರು ಗೊತ್ತೇನ್ರೀ? ಬಂಗಾರದ ತಟ್ಟೇಲಿ ಉಂಡು ಬೆಳೆದೋರು, ಜೈಲೂಟ ಉಂಡ್ರು! ಅದಕ್ಕೇ ಅವರು ವೀರರು.”

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಮುಂದೆ ಪಡಸಾಲೆ, ನಡುವೆ ಅಡುಗೆ, ಹಿತ್ತಿಲ ಕಡೆಗೆ ಹುಳದ ಮನೆ. ಆ ಹಿಂದಿನ ಕೋಣೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೂ ಇರುತ್ತಿದ್ದವು. ಹುಳ ದೊಡ್ಡದಾದ ಮೇಲೆ ಸೊಪ್ಪು ಹಾಕಿದರೆ ಸಾಕು, ಸೋನೆ ಮಳೆ ಬಂದ ಹಾಗೆ ಸದ್ದು. ಹುಳಕ್ಕೆ ಮಡಿ ಜಾಸ್ತಿ. ಹೊರಗಿನವರ ಕಣ್ಣು ಬೀಳಬಾರದು, ಒಗ್ಗರಣೆ ಘಾಟು ಹೋಗಬಾರದು, ಊರು ಸುತ್ತಿ ಬಂದ ಕಾಲಲ್ಲಿ ತುಳಿಯಬಾರದು. ಬಾಗಿಲಿಗೆ ಸುಣ್ಣದ ಗೆರೆ ಎಳೆದಿರುತ್ತಿತ್ತು, ಅದನ್ನು ದಾಟಿ ಯಾವ ನೆಂಟರೂ ಒಳಗೆ ಬರುವ ಹಾಗಿರಲಿಲ್ಲ. ಆ ಗೆರೆಯ ಒಳಗೆ ನನ್ನ ಸೋದರತ್ತೆ ಇರುತ್ತಿದ್ದಳು. ಗೌರಮ್ಮ, ಅಪ್ಪನ ಒಬ್ಬಳೇ ತಂಗಿ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ನೆಂಟರು ಬಂದಾಗ ಅವಳು ಒಳಗೇ ಇರುತ್ತಿದ್ದಳು. ಯಾರಾದರೂ ಅಪ್ಪಿತಪ್ಪಿ ಅವಳನ್ನು ಕಂಡು ಯಾರಿದು ಎಂದರೆ ಅಪ್ಪ, “ದೂರದ ಸಂಬಂಧ, ಹುಳ ನೋಡ್ಕೊಳ್ಳೋಕೆ ಇದಾಳೆ” ಎಂದುಬಿಡುತ್ತಿದ್ದ. ಹುಳದ ಮಡಿ ಹುಳಕ್ಕೆಷ್ಟು ಬೇಕಿತ್ತೋ ಏನೋ, ಅಪ್ಪನಿಗಂತೂ ಬೇಕೇ ಬೇಕಿತ್ತು.

ನನಗೆ ಅಕ್ಷರ ಕಲಿಸಿದವಳು ಅತ್ತೆ. ಹಿಪ್ಪುನೇರಳೆ ಕಡ್ಡಿ ಹಿಡಿದು ಹುಳದ ಮನೆಯ ಮಣ್ಣು ನೆಲದ ಮೇಲೆ ಅ ಆ ಇ ಈ ಬರೆಸಿದಳು. ಹಳ್ಳಿಯ ಹೆಣ್ಣಿಗೆ ಓದು ಎಲ್ಲಿಂದ ಬಂತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವಳ ಬಾಯಿ ಜೋರು, ನಗುವೂ ಜೋರು. “ಈ ಹುಳಕ್ಕೆ ಸೊಪ್ಪು ಹಾಕೀ ಹಾಕೀ ಒಂದಿನ ನಾನೂ ಗೂಡು ಕಟ್ಕೊಂಡು ಬಿಡ್ತೀನಿ ನೋಡ್ತಾ ಇರು” ಎನ್ನುತ್ತಿದ್ದಳು. ಗೌರಿ ಹಬ್ಬದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಬಾಗಿನ ಬರುತ್ತಿತ್ತು, ಗೌರಮ್ಮನೆಂಬ ಹೆಸರಿನವಳಿಗೇ ಇಲ್ಲ. ಒಂದು ಹಬ್ಬದ ದಿನ ನಾನು ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ. ಅವ್ವ ಒಲೆ ಊದುವುದನ್ನು ನಿಲ್ಲಿಸಿ ಹಿಂದೆ ಮುಂದೆ ನೋಡಿ ಹೇಳಿದಳು.

“ಜೈಲಿಗೆ ಹೋಗಿದ್ದೋಳು ಕಣೇ ಅವಳು. ಹದಿನಾರು ವರ್ಷದ ಹುಡುಗಿ, ಸೊಪ್ಪು ಕೊಯ್ಯೋ ಮಚ್ಚು ತಗೊಂಡು ಹೋಗಿ ಚಳವಳಿಯೋರ ಜೊತೆ ಹೆಂಡ ಇಳಿಸೋ ಈಚಲುಮರ ಕಡಿದ್ಲು. ಮೂರು ತಿಂಗಳು ಒಳಗಿದ್ಲು. ಯಾರ್ಯಾರೋ ಬೇಯ್ಸಿದ್ದ ತಿಂದವಳೇ ಅಂತ ಕುಲದೋರು ನಮ್ಮನ್ನ ಹೊರಗಿಟ್ರು. ಊರ ಬಾವೀಲಿ ನೀರು ಸೇದಂಗಿರಲಿಲ್ಲ. ನಿಮ್ಮಪ್ಪ ಹೊಳೆಯಿಂದ ನೀರು ಹೊತ್ತು ಹೊತ್ತು ಹೆಗಲು ಬಾತೋಗಿತ್ತು. ಆಮೇಲೆ ಕುಲದೋರು ಬಂದು ಶುದ್ಧಿ ಮಾಡಿ ಒಳಕ್ಕೆ ಕರ್ಕೊಂಡ್ರು. ಗೊತ್ತಾಗಿದ್ದ ಗಂಡು ಕೈಬಿಟ್ಟ. ಆಮೇಲೇ ನಾವು ಆ ಹಳ್ಳಿ ಬಿಟ್ಟು ಇಲ್ಲಿಗೆ ಬಂದಿದ್ದು, ಇಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನೆಲ್ಲ ಹೊರಗೆ ಆಡಿದ್ಯೋ, ನಾಲಿಗೆ ಸೀಳಿಬಿಡ್ತೀನಿ.”

ನಾನು ಆಡಲಿಲ್ಲ. ಪಡಸಾಲೆಯ ಪಟದಲ್ಲಿದ್ದವರು ಜೈಲಿಗೆ ಹೋದರೆ ವೀರರು, ಹಿತ್ತಿಲ ಕೋಣೆಯಲ್ಲಿದ್ದವಳು ಹೋದರೆ ಮುಚ್ಚಿಡುವ ವಿಷಯ. ಹತ್ತು ವರ್ಷದ ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅವರ ಜೈಲೇ ಬೇರೆ, ಇವಳ ಜೈಲೇ ಬೇರೆ ಎಂದುಕೊಂಡಿದ್ದೆ. ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡದ್ದು ಮಗುವಿಗೆ ಹಗಲು ರಾತ್ರಿಯಷ್ಟೇ ಸಹಜ.

ಆ ವರ್ಷ ನಮ್ಮ ಹೆಣ್ಣುಮಕ್ಕಳ ಶಾಲೆಯ ಪಕ್ಕದಲ್ಲಿ ಒಂದು ಶಿಶುವಿಹಾರ ಶುರು ಮಾಡುವುದೆಂದಾಯಿತು. ನಾವು ‘ದೊಡ್ಡ ಟೀಚರ್’ ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ಒಂದು ದಿನ ತರಗತಿಗೆ ಬಂದು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಓದುಬರಹ ಬಲ್ಲ ಹೆಂಗಸೊಬ್ಬಳು ಬೇಕು, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರಿದ್ದರೆ ಮೊದಲು ಅವರಿಗೇ ಕೊಡುತ್ತೇವೆ, ನಿಮ್ಮ ಮನೆಯ ಕಡೆ ಅಂಥವರಿದ್ದರೆ ಬಂದು ತಿಳಿಸಿ ಎಂದರು. ಇರಲು ಒಂದು ಕೋಣೆಯನ್ನೂ ಕೊಡುತ್ತಾರಂತೆ. ನಾನು ಸಂಜೆ ಸೊಪ್ಪಿನ ಬುಟ್ಟಿ ಒಳಗೆ ಕೊಡುವಾಗ, ಊರ ಸುದ್ದಿ ಹೇಳುವ ಹಾಗೆ ಇದನ್ನೂ ಅತ್ತೆಗೆ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಿದ್ದ ಕೈ ನಿಲ್ಲಿಸಿದಳು. ಮಾರನೆಯ ದಿನ ನನ್ನನ್ನು ಹತ್ತಿರ ಕೂರಿಸಿಕೊಂಡಳು.

“ಪುಟ್ಟಿ, ನಾನೇ ಹೋಗಿ ಕೇಳಿದ್ರೆ ನಿಮ್ಮಪ್ಪ ಹೊಸ್ತಿಲಲ್ಲೇ ಕಾಲು ಮುರೀತಾನೆ. ನೀನು ನಿಮ್ಮ ಟೀಚರಮ್ಮಂಗೆ ಹೇಳು. ಅವರೇ ಮನೆಗೆ ಬಂದು ಕರೆದ್ರೆ ಅವನು ಇಲ್ಲ ಅನ್ನಕ್ಕಾಗಲ್ಲ, ಟೋಪಿ ಬೇರೆ ಹಾಕ್ಕಂಡು ತಿರುಗ್ತಾನಲ್ಲ. ಹೇಳ್ತೀಯಾ?”

“ಹೇಳ್ತೀನಿ.”

“ಮರೀಬೇಡ ಕಣೇ. ನಾನು ಯಾರನ್ನೂ ಏನೂ ಕೇಳಿದೋಳಲ್ಲ.”

ಮರೆಯಲಿಲ್ಲ. ಮರೆತಿದ್ದರೆ ಇವತ್ತು ಇಷ್ಟು ನಾಚಿಕೆ ಇರುತ್ತಿರಲಿಲ್ಲ. ದಿನವೂ ದೊಡ್ಡ ಟೀಚರ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದೆ, ಅವ್ವ ಸೀಳುತ್ತೇನೆ ಎಂದ ನಾಲಿಗೆ ನೆನಪಾಗಿ ತಿರುಗಿ ಬರುತ್ತಿದ್ದೆ. ಅವ್ವನ ಹೆದರಿಕೆ ಒಂದು ನೆಪ, ನಿಜ ಹೇಳುತ್ತೇನೆ. ತರಗತಿಯ ಹುಡುಗಿಯರಿಗೆಲ್ಲ ಗೊತ್ತಾಗಿಬಿಟ್ಟರೆ, ‘ಜೈಲಮ್ಮನ ಸೊಸೆ’ ಎಂದು ಆಡಿಕೊಂಡರೆ ಎಂಬುದೇ ದೊಡ್ಡ ಭಯವಾಗಿತ್ತು. ಸಂಜೆ ಅತ್ತೆ ಬರೀ ಹುಬ್ಬೆತ್ತಿ ಕೇಳುತ್ತಿದ್ದಳು. ನಾನು “ಟೀಚರ್ ಬಂದಿರಲಿಲ್ಲ” ಎನ್ನುತ್ತಿದ್ದೆ. ಒಂದು ವಾರದಲ್ಲಿ ಆ ಟೀಚರನ್ನು ನಾಲ್ಕು ಸಲ ಊರು ಬಿಡಿಸಿದೆ, ಒಂದು ಸಲ ಜ್ವರದಲ್ಲಿ ಮಲಗಿಸಿದೆ.

ಅಷ್ಟರಲ್ಲಿ ಪ್ರಧಾನಿಯ ಹುಟ್ಟಿದಹಬ್ಬ ಬಂತು. ಶಾಲೆಯಲ್ಲಿ ಭಾಷಣ ಸ್ಪರ್ಧೆ. ‘ನಮ್ಮ ನಾಯಕರು ಏಕೆ ವೀರರು’ ಎಂಬುದು ವಿಷಯ. ಅಪ್ಪ ತನ್ನ ಬಾಯಿಪಾಠವನ್ನೇ ನನಗೆ ಒಪ್ಪಿಸಿದ. ಬಂಗಾರದ ತಟ್ಟೆ, ಜೈಲೂಟ, ಅಷ್ಟೇ. ಎರಡೇ ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ನಾನು ಅಳುಮುಖ ಹಾಕಿಕೊಂಡು ಅತ್ತೆಯ ಹತ್ತಿರ ಹೋದೆ. ಅವಳು ತಟ್ಟೆಯ ಹಿಕ್ಕೆ ತೆಗೆಯುತ್ತಾ ಕೇಳಿಸಿಕೊಂಡಳು, ಕೊನೆಗೆ ನಕ್ಕಳು.

“ಜೈಲಿಗೆ ಹೋಗೋದು ಏನು ಮಹಾ ಕಣೇ? ಒಳಗಿದ್ದಾಗ ಜೊತೆಗೆ ಜನ ಇರ್ತಾರೆ. ಹಾಡು ಹೇಳ್ಕೋತೀವಿ. ನನಗೆ ಓದು ಕಲಿಸಿದ ಅಕ್ಕ ಸಿಕ್ಕಿದ್ದೂ ಅಲ್ಲೇ. ಕಷ್ಟ ಇರೋದು ಹೊರಗೆ ಬಂದ ಮೇಲೆ. ನಿನ್ನ ಹೆತ್ತೋರು, ನಿನ್ನ ಒಡಹುಟ್ಟಿದೋರು, ಇಡೀ ಊರು ಎದುರಿಗೆ ನಿಂತ್ಕೊಂಡು, ತಪ್ಪಾಯ್ತು ಅನ್ನು, ಅಂದ್ಬಿಡು, ಎಲ್ಲಾ ಸರಿಹೋಗುತ್ತೆ ಅಂತಾರೆ ನೋಡು, ಅವಾಗ ಅನ್ನದೇ ಇರಬೇಕು. ಆ ದೊಡ್ಡೋರೂ ಅಷ್ಟೇ. ಅವರಿಗೂ ಮನೇಲಿ ಹೆಂಡ್ತಿ ಮಗಳು ಇರಲಿಲ್ವಾ? ಒಂದು ಕಾಗದ ಬರೆದುಕೊಟ್ಟಿದ್ರೆ ಯಾವತ್ತೋ ಮನೆಗೆ ಬರಬಹುದಾಗಿತ್ತು. ಬರೀಲಿಲ್ಲ. ಅದು ವೀರತನ. ಬರ್ಕೋ.”

ಬರೆದುಕೊಂಡೆ. ಓದು ಕಲಿಸಿದ ಅಕ್ಕನೊಬ್ಬಳನ್ನು ಬಿಟ್ಟರೆ, ಅವಳು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬಿಡಲಿಲ್ಲ. ‘ನಾವು’ ಎಂದಿದ್ದ ಕಡೆಯಲ್ಲೆಲ್ಲ ‘ಅವರು’ ಎಂದು ಮಾಡಿಕೊಂಡೆ, ಅಷ್ಟೇ ನನ್ನ ಕೆಲಸ. ಓದಿ ತೋರಿಸಿದಾಗ ಅತ್ತೆ ತಟ್ಟೆ ಕೆಳಗಿಟ್ಟು ಕೇಳಿದಳು. ಅವಳ ಕಣ್ಣು ತುಂಬಿಕೊಂಡದ್ದು ನನ್ನ ಜಾಣತನಕ್ಕೆ ಎಂದುಕೊಂಡು ನಾನು ಹಿಗ್ಗಿದೆ.

ಸಮಾರಂಭದ ದಿನ ಹುಳ ಮೂರನೇ ಜ್ವರಕ್ಕೆ ಕೂತಿತ್ತು. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಲೆಯೆತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ, ಅದಕ್ಕೇ ನಾವು ಜ್ವರ ಎನ್ನುವುದು. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ವರ್ಷದಲ್ಲಿ ಅತ್ತೆಗೆ ಬಿಡುವು ಸಿಗುವುದು ಇಂಥ ದಿನಗಳಲ್ಲಿ ಮಾತ್ರ. ಅವಳು ಯಾರಿಗೂ ಹೇಳದೆ, ಒಗೆದ ಸೀರೆ ಉಟ್ಟು ಬಂದು ಶಾಲೆಯ ಅಂಗಳದಲ್ಲಿ ಹೆಂಗಸರ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ, ಅವನು ನೋಡಲಿಲ್ಲ. ವೇದಿಕೆ ಹತ್ತಿದಾಗ ನನಗೆ ಇಬ್ಬರೂ ಕಂಡರು. ನಾನು ಭಾಷಣ ಮಾಡಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದನ್ನೂ ಅತ್ತೆಯೇ ಹೇಳಿಕೊಟ್ಟಿದ್ದಳು. ‘ತಪ್ಪಾಯ್ತು ಅನ್ನದೇ ಇರುವುದೇ ವೀರತನ’ ಎಂದು ಮುಗಿಸಿದಾಗ ತಾಲ್ಲೂಕಿನಿಂದ ಬಂದಿದ್ದ ಶಾಲಾ ಇನ್‌ಸ್ಪೆಕ್ಟರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಎಂದು ಒಂದು ಮಸಿ ಪೆನ್ನು ಕೊಟ್ಟರು. ಅವರ ಪಕ್ಕದಲ್ಲಿದ್ದ ದೊಡ್ಡ ಟೀಚರ್ ನನ್ನ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

“ಇದು ಪುಸ್ತಕದ ಮಾತಲ್ಲ ಮಗು. ಯಾರು ಹೇಳಿಕೊಟ್ರು? ನಿಮ್ಮ ಮನೆಯಲ್ಲಿ ಜೈಲಿಗೆ ಹೋಗಿ ಬಂದೋರು ಯಾರಾದ್ರೂ ಇದಾರಾ?”

ಇದಕ್ಕಿಂತ ಸಲೀಸಾಗಿ ಕೇಳಲು ಯಾರಿಂದ ಸಾಧ್ಯ? ಹೂಂ ಎಂದಿದ್ದರೆ ಸಾಕಿತ್ತು. ಗೋಡೆಯ ಹತ್ತಿರ ಅತ್ತೆ ನೆಟ್ಟಗೆ ಕೂತಳು, ಸೆರಗು ಸರಿಮಾಡಿಕೊಂಡಳು. ಏಳುವುದಕ್ಕೆ ಸಿದ್ಧಳಾಗಿ ಒಂದು ಕೈಯನ್ನು ನೆಲಕ್ಕೆ ಊರಿದ್ದು ನನಗೆ ಇವತ್ತಿಗೂ ಕಾಣುತ್ತದೆ. ಅಪ್ಪನ ಮುಖದ ನಗು ಹಾಗೇ ಗಟ್ಟಿಯಾಗಿ ನಿಂತುಹೋಗಿತ್ತು. ನಾನು ಅಪ್ಪನನ್ನೇ ನೋಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದೆ.

“ಇಲ್ಲ ಟೀಚರ್. ನಮ್ಮಪ್ಪ ಹೇಳಿಕೊಟ್ಟಿದ್ದು. ನಮ್ಮ ಮನೇಲಿ ಯಾರೂ ಜೈಲಿಗೆ ಹೋಗಿಲ್ಲ. ನಮ್ಮದು ಮರ್ಯಾದಸ್ತರ ಮನೆ.”

ಸಭೆ ಗೊಳ್ಳೆಂದು ನಕ್ಕಿತು. ಜೈಲಿಗೆ ಹೋದವರೇ ವೀರರು ಎಂದು ಈಗಷ್ಟೇ ಕಿರುಚಿದ ಹುಡುಗಿಯ ಬಾಯಲ್ಲಿ ಈ ಮಾತು! ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೆಲ್ಲ ಯಾಕೆ ನಗುತ್ತಿದ್ದಾರೆ ಎಂಬುದು ನನಗೆ ತಿಳಿಯಲಿಲ್ಲ, ಆದರೂ ಅವರ ಜೊತೆ ನಾನೂ ನಕ್ಕೆ. ಮತ್ತೆ ನೋಡುವಷ್ಟರಲ್ಲಿ ಗೋಡೆಯ ಹತ್ತಿರ ಅತ್ತೆ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಅವತ್ತು ಅಪ್ಪ ನನ್ನನ್ನು ಗಂಡಸರ ಪಂಕ್ತಿಯಲ್ಲಿ ತನ್ನ ಪಕ್ಕ ಕೂರಿಸಿಕೊಂಡು ಉಂಡ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಗಂಡಸರು ಎದ್ದ ಮೇಲೆ ಒಲೆಯ ಮುಂದೆ ಉಣ್ಣುವವರು. ಅಪ್ಪ ತನ್ನ ಕೈಯಿಂದಲೇ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿ, ಸಾರು ಬಡಿಸು, ತುಪ್ಪ ಬಡಿಸು ಎಂದು ಅವ್ವನಿಗೆ ಕೂಗಿದ. “ನನ್ನ ಮಾನ ಉಳಿಸಿದ್ಯಲ್ಲವ್ವ” ಎಂದು ತಲೆ ಸವರಿದ. ಅಷ್ಟು ಪ್ರೀತಿ ಅದಕ್ಕೆ ಮುಂಚೆ ನನಗೆ ಅವನಿಂದ ಸಿಕ್ಕಿರಲಿಲ್ಲ. ಹುಳದ ಮನೆಯ ಬಾಗಿಲು ಮುಚ್ಚಿತ್ತು. ನಾನು ಆ ಕಡೆ ಹೋಗಲಿಲ್ಲ, ಹೊಟ್ಟೆ ತುಂಬ ಉಂಡೆ.

ಮಾರನೆಯ ದಿನ ಎರಡನೇ ಗಂಟೆಯ ಪಾಠ ನಡೆಯುತ್ತಿದ್ದಾಗ ಆಯಾ ಬಂದು ದೊಡ್ಡ ಟೀಚರ್ ಕರೆಯುತ್ತಾರೆ ಎಂದಳು. ಹೋದರೆ ಅವರ ಮೇಜಿನ ಮುಂದೆ ಅತ್ತೆ ನಿಂತಿದ್ದಾಳೆ! ನಿನ್ನೆಯ ಅದೇ ಸೀರೆ. ಅಣ್ಣ ಕಾಲು ಮುರಿದರೆ ಮುರಿಯಲಿ ಎಂದು ತಾನೇ ಬಂದುಬಿಟ್ಟಿದ್ದಳು. ದೊಡ್ಡ ಟೀಚರ್ ಕೆಟ್ಟವರಲ್ಲ, ಆದರೆ ಕೆಲಸ ಕೇಳಿಕೊಂಡು ಬಂದು ಕಥೆ ಕಟ್ಟಿದವರನ್ನು ಆ ವಾರವಿಡೀ ನೋಡಿದ್ದರು.

“ಈಕೆ ನಿನ್ನ ಸೋದರತ್ತೆ ಅಂತಾರೆ. ಚಳವಳಿಯಲ್ಲಿ ಜೈಲಿಗೆ ಹೋಗಿದ್ದೆ ಅಂತಾರೆ. ನೀನು ನಿನ್ನೆ ಅಷ್ಟು ಜನರ ಮುಂದೆ ಯಾರೂ ಹೋಗಿಲ್ಲ ಅಂದೆ. ಯಾವುದು ನಿಜ? ಹೆದರಬೇಡ, ಹೇಳು.”

ಅತ್ತೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ. “ಹೇಳು ಪುಟ್ಟಿ” ಎಂದಳು, ಕಾಗುಣಿತ ಒಪ್ಪಿಸು ಎನ್ನುವಾಗಿನ ಅದೇ ದನಿ. ಮಸಿ ಪೆನ್ನು ನನ್ನ ಲಂಗದ ಜೇಬಿನಲ್ಲಿತ್ತು. ನಿಜ ಹೇಳಿದರೆ ನಿನ್ನೆ ಹೇಳಿದ್ದು ಸುಳ್ಳಾಗುತ್ತದೆ, ಪೆನ್ನು ಹೋಗುತ್ತದೆ, ಅಪ್ಪನ ಪಕ್ಕದ ಜಾಗ ಹೋಗುತ್ತದೆ. ಇಷ್ಟನ್ನೂ ನಾನು ಆ ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಮಗು ಏನೂ ಅರಿಯದೆ ಹೇಳಿತು ಎಂದು ಈಗ ಯಾರಾದರೂ ಸಮಾಧಾನ ಮಾಡಿದರೆ ನನಗೆ ರೇಗುತ್ತದೆ. ಎಲ್ಲ ಅರಿತೇ ಹೇಳಿದೆ.

“ಇವರು ನಮ್ಮ ಅತ್ತೆ ಅಲ್ಲ ಟೀಚರ್. ದೂರದ ಸಂಬಂಧ. ಹುಳ ನೋಡ್ಕೊಳ್ಳೋಕೆ ಇದಾರೆ.”

ಅತ್ತೆ ಮೇಜಿನ ಹತ್ತಿರಕ್ಕೆ ಹೋದಳು. ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದು ನಾಲಿಗೆ ಚಾಚಿದಳು. ಜಾತ್ರೆಯಲ್ಲಿ ಕೊಳ್ಳುವವರು ಎತ್ತಿನ ಬಾಯಿ ಬಿಡಿಸಿ ನೋಡುವುದುಂಟಲ್ಲ, ಹಾಗೆ. ನಾಲಿಗೆಯ ನಡುವೆ ಒತ್ತೊತ್ತಾಗಿ ಎರಡು ಬಿಳಿ ಗೆರೆ ಇದ್ದವು. ಅವಳ ಜೊತೆ ಅಷ್ಟು ವರ್ಷ ಉಂಡು ಮಲಗಿದ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಟೀಚರ್ ಕುರ್ಚಿಯಿಂದ ಎದ್ದರು.

“ಇದೇನಮ್ಮಾ ಇದು?”

“ಜೈಲೂಟ ಉಂಡು ಬಂದೋಳನ್ನ ಕುಲಕ್ಕೆ ಸೇರಿಸ್ಕೊಳ್ಳೋ ಶಾಸ್ತ್ರ ಅಮ್ಮಾ. ಬಂಗಾರದ ಕಡ್ಡಿ ಕಾಯ್ಸಿ ನಾಲಿಗೆ ಮೇಲೆ ಇಡ್ತಾರೆ. ತಪ್ಪಾಯ್ತು ಅಂದ್ರೆ ಒಂದ್ಸಲ, ಸುಮ್ಮನೆ ಮುಟ್ಟಿಸಿ ತೆಗೀತಾರೆ. ನಾನು ಅನ್ನಲಿಲ್ಲ. ಅದಕ್ಕೆ ಎರಡು ಸಲ ಇಟ್ರು. ನಮ್ಮಣ್ಣ ತಲೆ ಹಿಡ್ಕೊಂಡಿದ್ದ.”

ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟವನ್ನು ಬರೆಯಲಾರೆ. ಬೈಯಲು ಬಾಯಿ ತೆರೆದವರನ್ನು ಅತ್ತೆಯೇ ತಡೆದಳು.

“ಅವಳನ್ನ ಬಯ್ಯಬೇಡಿ ಅಮ್ಮಾ. ನಮ್ಮನೇಲಿ ಕಲಿಸಿರೋದೇ ಅದು.”

ಅತ್ತೆಗೆ ಕೆಲಸ ಸಿಕ್ಕಿತು. ಅದೇ ವಾರ ಟ್ರಂಕು ತಗೊಂಡು ಶಿಶುವಿಹಾರದ ಕೋಣೆಗೆ ಹೊರಟುಹೋದಳು. ಅಪ್ಪ ಹಿತ್ತಿಲಲ್ಲಿ ನಿಂತು ಕೂಗಾಡಿದ. ಪಡಸಾಲೆಯಲ್ಲಿ ಕೂಗಾಡಿದರೆ ಬೀದಿಗೆ ಕೇಳಿಸುತ್ತದಲ್ಲ. ನೋಡಿಕೊಳ್ಳುವವರಿಲ್ಲದೆ ಆ ಸಲದ ಹುಳ ಅರ್ಧಕ್ಕರ್ಧ ಸತ್ತುಹೋಯಿತು. ನನ್ನಿಂದ ಯಾರೂ ಪೆನ್ನು ಕಿತ್ತುಕೊಳ್ಳಲಿಲ್ಲ. ದಾರಿಯಲ್ಲಿ ಸಿಕ್ಕರೆ ಅತ್ತೆ ಎಲ್ಲ ಮಕ್ಕಳನ್ನು ಕೇಳುವ ಹಾಗೆ ನನ್ನನ್ನೂ “ಊಟ ಆಯ್ತಾ?” ಎಂದು ಕೇಳುತ್ತಿದ್ದಳು, ಅಷ್ಟೇ. ಪುಟ್ಟಿ ಎನ್ನುವುದನ್ನು ಬಿಟ್ಟಿದ್ದಳು.

ನಾಲ್ಕು ವರ್ಷ ಕಳೆದ ಮೇಲೆ ನಾನು ಹೈಸ್ಕೂಲಿನಲ್ಲಿದ್ದಾಗ ಕೆಂಗೇರಿಯಲ್ಲಿ ಮತ್ತೊಂದು ಸ್ಪರ್ಧೆ ನಡೆಯಿತು. ನಾಯಕರು ಅವರೇ, ವಿಷಯವೂ ಹೆಚ್ಚುಕಡಿಮೆ ಅದೇ. ಹೊಸದಾಗಿ ಬರೆಯಲು ಕೂತೆ, ಎರಡು ಸಾಲು ಬರೆದೆ, ಹೊಡೆದುಹಾಕಿದೆ. ಆಮೇಲೆ ಹಳೆಯ ಭಾಷಣವನ್ನೇ ಮಾಡಿದೆ. ದನಿ ಇಳಿಸುವ ಕಡೆ ಇಳಿಸಿದೆ, ನಿಲ್ಲಿಸುವ ಕಡೆ ನಿಲ್ಲಿಸಿದೆ. ಮೊದಲ ಬಹುಮಾನ ಬಂತು. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, “ಭಲೇ, ಇಷ್ಟು ಚೆನ್ನಾಗಿ ಯಾರಮ್ಮ ಬರೆದುಕೊಟ್ರು?” ಎಂದರು. ಈ ಸಲ ಮುಂದಿನ ಸಾಲಿನಲ್ಲಿ ಅಪ್ಪ ಇರಲಿಲ್ಲ. ಹೆದರಬೇಕಾದವರು ಯಾರೂ ಇರಲಿಲ್ಲ. ಶಿಶುವಿಹಾರದ ಟೀಚರೆಂದು ಕುರ್ಚಿ ಹಾಕಿಸಿ, ಅದೇ ಸಾಲಿನಲ್ಲಿ ಅತ್ತೆಯನ್ನು ಕೂರಿಸಿದ್ದರು.

“ನಾನೇ ಬರೆದಿದ್ದು ಸಾರ್” ಎಂದೆ.